ನೋಟಿಸು ಬರೆಯುವುದನ್ನು ಯಾರು ಕಲಿಸುತ್ತಾರೆ?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಯ ದಕ್ಷಿಣ ಅಂಚಿಗೆ ಗಬ್ಬೂರ, ಧಾರವಾಡದ ಪಕ್ಕಕ್ಕೆ ನರೇಂದ್ರ. ಇವೆರಡರ ನಡುವಿನ ಸುಮಾರು 30 ಕಿಲೋಮೀಟರ್ ಬೈಪಾಸ್ ಅವಳಿ ನಗರದ ಜನರಿಗೆ ಗೊತ್ತಿರುವುದು ಹೆಚ್ಚಾಗಿ ಅಪಘಾತದ ಸುದ್ದಿಗಳಿಂದ. ಆದರೆ ಇಂಥ ರಸ್ತೆಯ ಹಿಂದೆ ಕಾಗದಪತ್ರಗಳ ಒಂದು ದೊಡ್ಡ ಲೋಕವೇ ಇರುತ್ತದೆ. ಹೆದ್ದಾರಿ ಅಗಲವಾಗಬೇಕಾದರೆ ಹೊಲ ಹೋಗಬೇಕು, ಹೊಲ ಹೋಗುವ ಮುಂಚೆ ಪ್ರಕಟಣೆ ಬರಬೇಕು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ ಭೂಸ್ವಾಧೀನದ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅಚ್ಚಾಗಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಹಕ್ಕುದಾರರು ಆಕ್ಷೇಪಣೆ ಸಲ್ಲಿಸಬೇಕು. ಆ ಆಕ್ಷೇಪಣೆ ಲಿಖಿತವಾಗಿರಬೇಕು, ಕಾರಣಗಳನ್ನು ಬಿಡಿಸಿ ಹೇಳಿರಬೇಕು. ಹೀಗೆ ಒಂದು ಕುಟುಂಬದ ಜಮೀನಿನ ಗತಿಯನ್ನು ಎರಡು ಬರಹಗಳು ತೀರ್ಮಾನಿಸಬಹುದು: ಕಚೇರಿ ಬರೆದದ್ದು ರೈತನಿಗೆ ತಿಳಿಯಬೇಕು, ರೈತ ಬರೆಸಿದ್ದು ಕಚೇರಿಗೆ ನಾಟಬೇಕು. ಇಷ್ಟು ಹೊಣೆ ಹೊತ್ತ ಬರವಣಿಗೆಯನ್ನು ನಾವು ಯಾವ ತರಗತಿಯಲ್ಲಿ ಕಲಿಸುತ್ತೇವೆ ಎಂದು ಹುಡುಕಿದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಕನ್ನಡ ಐಚ್ಛಿಕ ವಿಷಯ ಮುಖ್ಯವಾಗಿ ಸಾಹಿತ್ಯದ ಓದು, ಪತ್ರಿಕೋದ್ಯಮ ಮುಖ್ಯವಾಗಿ ಸುದ್ದಿಯ ಕೆಲಸ. ಇವೆರಡರ ನಡುವೆ ಉಳಿದುಹೋದ ದೊಡ್ಡ ಬಯಲೇ ವೃತ್ತಿಪರ ಬರವಣಿಗೆ. ಅದಕ್ಕೊಂದು ಪದವಿ ಬೇಕು, ಅದೂ ಕನ್ನಡದಲ್ಲಿ ಬೇಕು ಎಂಬುದು ಈ ಲೇಖನದ ವಾದ.

ಹೊರಗಿನ ಲೋಕಕ್ಕೆ ಇದು ಹೊಸದಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ಸಂಸ್ಥೆಯಲ್ಲಿ ತಾಂತ್ರಿಕ ಬರವಣಿಗೆಯ ಪದವಿ ಶಿಕ್ಷಣ 1958ರಷ್ಟು ಹಳೆಯದು. ನಮಗೆ ಅದಕ್ಕಿಂತ ಹತ್ತಿರದ ಪಾಠ ಸ್ವೀಡನ್ನಿನದು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯ 1978ರಲ್ಲಿ ಸ್ವೀಡಿಷ್ ಭಾಷಾ ಸಲಹೆಗಾರರನ್ನು ತಯಾರು ಮಾಡುವ ಶಿಕ್ಷಣ ಆರಂಭಿಸಿತು. ಮುಂದೆ ಅದು ಮೂರು ವರ್ಷದ ಪದವಿಯಾಗಿ ಬೆಳೆಯಿತು. ಕಚೇರಿ, ಆಸ್ಪತ್ರೆ, ವಿಮಾ ಕಂಪನಿಗಳ ಕಾಗದಗಳನ್ನು ಜನರಿಗೆ ತಿಳಿಯುವಂತೆ ತಿದ್ದುವುದು ಅಲ್ಲಿ ಕಲಿತವರ ಕಸುಬು. ಸಾರ್ವಜನಿಕ ಸಂಸ್ಥೆಗಳ ಭಾಷೆ ಸರಳವಾಗಿ ಅರ್ಥವಾಗುವಂತಿರಬೇಕು ಎಂದು ಆ ದೇಶ 2009ರಲ್ಲಿ ಕಾನೂನನ್ನೇ ಮಾಡಿತು. ಸ್ವೀಡಿಷ್ ಮಾತನಾಡುವವರು ಸುಮಾರು ಒಂದು ಕೋಟಿ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷಿಕರು 4.37 ಕೋಟಿ. ಕರ್ನಾಟಕವೂ ಬರಹದ ಕಸುಬನ್ನು ಪದವಿ ತರಗತಿಗೆ ತಂದ ನಾಡೇ. ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಪದವಿ ವಿಷಯವಾಯಿತು. 1994–95ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಪದವಿ ಹಂತಕ್ಕೆ ವೃತ್ತಿ ವಿಷಯಗಳನ್ನು ತಂದಾಗ ವ್ಯಾವಹಾರಿಕ ಹಿಂದಿ, ವ್ಯಾವಹಾರಿಕ ಇಂಗ್ಲಿಷ್ ಆ ಪಟ್ಟಿಯಲ್ಲಿದ್ದವು. ದಾರಿ ತೆರೆದೇ ಇತ್ತು, ಕನ್ನಡವನ್ನು ಆ ದಾರಿಯಲ್ಲಿ ದೂರ ನಡೆಸಲಿಲ್ಲ ಅಷ್ಟೆ.

ಇಂಥ ಪದವಿಯಲ್ಲಿ ಮೂರು ವರ್ಷ ಕಲಿಸುವುದಕ್ಕೆ ಏನಿದೆ? ಮೊದಲನೆಯದು ಓದುಗರನ್ನು ಅರಿಯುವುದು. ಸಾಲಪತ್ರ ಓದುವವರಿಗೆ ಬೇಕಾದದ್ದು ತಿಂಗಳ ಕಂತು, ಬಡ್ಡಿ, ಕಂತು ತಪ್ಪಿದರೆ ಆಗುವ ಪರಿಣಾಮ. ಬ್ಯಾಂಕಿನ ಕಾಗದದಲ್ಲಿ ಇವು ಎಲ್ಲಿ ಬರಬೇಕೆಂದು ನಿರ್ಧರಿಸುವುದೇ ಒಂದು ವಿದ್ಯೆ. ಎರಡನೆಯದು ವಾಕ್ಯ. ಇಂಗ್ಲಿಷಿನ ಉದ್ದ ವಾಕ್ಯವನ್ನು ಅದೇ ಜೋಡಣೆಯಲ್ಲಿ ಕನ್ನಡಕ್ಕಿಳಿಸಿದರೆ ಕರ್ತೃ ಒಂದು ತುದಿಯಲ್ಲಿ, ಕ್ರಿಯಾಪದ ಐದು ಸಾಲು ಕೆಳಗೆ ಉಳಿಯುತ್ತದೆ; ಯಾರು ಏನು ಮಾಡಬೇಕೆಂಬುದು ನಡುವೆ ಕಳೆದುಹೋಗುತ್ತದೆ. ಮೂರನೆಯದು ಕ್ಷೇತ್ರಜ್ಞಾನ: ಪಹಣಿ ಎಂದರೇನು, ಔಷಧದ ಪ್ರಮಾಣ ಹೇಳುವಾಗ ಯಾವ ತಪ್ಪು ಜೀವಕ್ಕೆ ಎರವಾಗುತ್ತದೆ, ಯಂತ್ರದ ಕೈಪಿಡಿಯಲ್ಲಿ ಎಚ್ಚರಿಕೆಯ ಮಾತು ಹಂತಕ್ಕಿಂತ ಮುಂಚೆ ಯಾಕೆ ಬರಬೇಕು. ನಾಲ್ಕನೆಯದು ಪರೀಕ್ಷೆ. ಬರೆದ ಪ್ರಕಟಣೆಯನ್ನು ಹತ್ತು ಜನರ ಕೈಗೆ ಕೊಟ್ಟು, ಓದಿ ಮುಗಿಸಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಬೇಕು. ಹತ್ತರಲ್ಲಿ ನಾಲ್ವರು ತಪ್ಪು ದಾರಿ ಹಿಡಿದರೆ ತಿದ್ದಬೇಕಾದದ್ದು ಬರಹವನ್ನು. ಇದರ ಜೊತೆಗೆ ಅನುವಾದ, ಕರಡು ತಿದ್ದುವುದು, ಜಾಹೀರಾತು, ಉಪಶೀರ್ಷಿಕೆ ಸೇರಿಕೊಂಡರೆ ಮೂರು ವರ್ಷ ಹೆಚ್ಚೇನೂ ಅಲ್ಲ.

ಇದಕ್ಕೆ ಮೊದಲ ಆಕ್ಷೇಪ ಸಾಹಿತ್ಯದ ಕಡೆಯಿಂದ ಬರುತ್ತದೆ: ಪಂಪ, ಕುಮಾರವ್ಯಾಸರನ್ನು ಓದಬೇಕಾದ ತರಗತಿಗೆ ಅರ್ಜಿ, ಕರಾರುಪತ್ರ ತರುವುದೆ? ಆದರೆ ಕನ್ನಡದ ಹಳೆಯ ಗ್ರಂಥಭಂಡಾರ ಈ ಗೆರೆಯನ್ನು ಎಳೆದೇ ಇಲ್ಲ. ನಮಗೆ ಸಿಕ್ಕಿರುವ ಕೃತಿಗಳಲ್ಲಿ ಬಹು ಹಳೆಯದಾದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಬರಹದ ಗುಣದೋಷಗಳನ್ನು ಹೇಳಿಕೊಡುವ ಗ್ರಂಥ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಬೇಸಾಯ, ಅಡುಗೆ, ವೈದ್ಯ ಎಲ್ಲವೂ ಇವೆ. ರಾಜಾದಿತ್ಯ ಗಣಿತವನ್ನೂ ಮಂಗರಾಜ ವಿಷವೈದ್ಯವನ್ನೂ ಕನ್ನಡದಲ್ಲಿ ಬರೆದರು. ಧಾರವಾಡದ ಪರಂಪರೆಯೂ ಇದಕ್ಕೆ ಹೊಂದುವಂಥದ್ದೇ. ಮುಂಬಯಿ ಪ್ರಾಂತದ ಮರಾಠಿಪ್ರಧಾನ ಆಡಳಿತದ ನಡುವೆ ಕನ್ನಡ ಪುಸ್ತಕಗಳಿಗೆ ಬಲ ಕೊಡಲೆಂದು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯಲ್ಲಿ ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರ ಓದು ಮತ್ತು ಸಂಪಾದನೆ ಎಷ್ಟೋ ಲೇಖಕರನ್ನು ಬೆಳೆಸಿತು. ಹಳೆಯ ಕಾವ್ಯ ಓದಿದ ಕಿವಿಯೇ ವಾಕ್ಯದ ಲಯವನ್ನು ಬೇಗ ಹಿಡಿಯುತ್ತದೆ. ಆದ್ದರಿಂದ ಸಾಹಿತ್ಯ ಈ ಪದವಿಯ ಬುನಾದಿಯಾಗಿಯೇ ಇರಬೇಕು.

ಬರವಣಿಗೆ ಹುಟ್ಟುಗುಣ, ಅದನ್ನು ಕಲಿಸಲಾಗದು ಎಂಬುದು ಎರಡನೆಯ ಆಕ್ಷೇಪ. ಈ ಸೀಮೆಯಲ್ಲಿ ನಿಂತು ಹಾಗೆ ಹೇಳುವುದು ಕಷ್ಟ. ಗಂಗೂಬಾಯಿ ಹಾನಗಲ್ಲರ ಕಂಠ ಹುಟ್ಟಿನ ಕೊಡುಗೆಯೇ ಇರಬಹುದು. ಆದರೂ ಅವರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತುತ್ತಿದ್ದರು. ಇನ್ನು ಕೆಲವರು, ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ, ತರಗತಿ ಯಾಕೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ: ಹುಬ್ಬಳ್ಳಿಯ ಪತ್ರಿಕಾ ಕಚೇರಿಗಳು ದಶಕಗಳ ಕಾಲ ಒಳ್ಳೆಯ ಶಾಲೆಗಳಾಗಿದ್ದವು. ಆದರೆ ಅದೇ ಊರಿನಿಂದ 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆ ತಂದ ಪಾಟೀಲ ಪುಟ್ಟಪ್ಪನವರು ಕಾನೂನು ಪದವಿ ಇದ್ದೂ ಪತ್ರಿಕೋದ್ಯಮ ಕಲಿಯಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರು ಎಂಬುದನ್ನೂ ಮರೆಯಬಾರದು. ಕೆಲಸದಲ್ಲೇ ಕಲಿಯಬೇಕೆಂದರೆ ತಿದ್ದುವ ಹಿರಿಯರು ಬೇಕು, ಅವರಿಗೆ ಪುರುಸೊತ್ತು ಬೇಕು. ಕಂದಾಯ ಕಚೇರಿಯಲ್ಲಿ ಹಳೆಯ ಫೈಲಿನ ನಮೂನೆಯೇ ಗುರು; ಅದರಲ್ಲಿದ್ದ ತಪ್ಪು ಮುಂದಿನವರಿಗೂ ಹಾಗೇ ಇಳಿಯುತ್ತದೆ.

ಮೂರನೆಯ ಆಕ್ಷೇಪ ಹೊಟ್ಟೆಪಾಡಿನದು, ಅದನ್ನು ಹಗುರವಾಗಿ ನೋಡುವಂತಿಲ್ಲ. ಕನ್ನಡ ಬರೆದು ಬದುಕಬಹುದೆ? ಬೇಡಿಕೆ ಕಾನೂನಿನಲ್ಲೇ ಇದೆ. 1963ರ ರಾಜ್ಯಭಾಷಾ ಕಾಯಿದೆಯಿಂದ ಆಡಳಿತ ಕನ್ನಡದ್ದು. ಗ್ರಾಹಕರ ಕೈಗೆ ಬರುವ ಬ್ಯಾಂಕ್ ಕಾಗದಗಳು ಪ್ರಾದೇಶಿಕ ಭಾಷೆಯಲ್ಲೂ ಸಿಗಬೇಕೆಂಬ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಹೇಳುತ್ತದೆ. ಕನ್ನಡ ಇರಲಿ ಎಂದು ಒತ್ತಾಯಿಸುವ ನಾವು ಆ ಕನ್ನಡವನ್ನು ಬರೆಯುವವರು ಯಾರೆಂದು ಕೇಳುವುದಿಲ್ಲ. ಹಾಗಾಗಿ ಕೆಲಸ ಅಗ್ಗದ ಅನುವಾದಕ್ಕೆ ಬೀಳುತ್ತದೆ. ಈಗ ಯಂತ್ರವೇ ಅನುವಾದಿಸುತ್ತದಲ್ಲ ಎನ್ನಬಹುದು. ಯಂತ್ರ ವೇಗ ಕೊಡುತ್ತದೆ, ನಿಜ. ಆದರೆ ಪರಿಹಾರದ ನೋಟಿಸಿನಲ್ಲಿ ತಪ್ಪು ಅರ್ಥ ಬಂದರೆ ಅದಕ್ಕೆ ಉತ್ತರ ಹೇಳಬೇಕಾದವರು ಮನುಷ್ಯರೇ. ಯಂತ್ರದ ಕರಡನ್ನು ಓದಿ, ಎಡವಟ್ಟು ಹಿಡಿದು, ಹೊಣೆ ಹೊತ್ತು ಸಹಿ ಹಾಕಬಲ್ಲವರ ಅಗತ್ಯ ಅದರಿಂದ ಹೆಚ್ಚುತ್ತದೆ. ಹಾಗಿದ್ದರೂ ಪದವಿ ಮುಗಿಸಿದವರಿಗೆಲ್ಲ ಕೂಡಲೇ ನೌಕರಿ ಸಿಗುತ್ತದೆ ಎನ್ನುವುದು ಸುಳ್ಳು ಭರವಸೆ. ಒಂದೆರಡು ಕಾಲೇಜುಗಳಲ್ಲಿ, ಸಣ್ಣ ತರಗತಿಯಾಗಿ ಆರಂಭಿಸುವುದೇ ವಿವೇಕ.

ಆ ಆರಂಭಕ್ಕೆ ಹುಬ್ಬಳ್ಳಿ–ಧಾರವಾಡದಷ್ಟು ಅನುಕೂಲದ ಜಾಗ ಕಡಿಮೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ, ಪತ್ರಿಕೋದ್ಯಮ ಎರಡೂ ವಿಭಾಗಗಳಿವೆ. ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಧಾರವಾಡದಲ್ಲಿ ಹೈಕೋರ್ಟ್ ಪೀಠ, ಕೃಷಿ ವಿಶ್ವವಿದ್ಯಾಲಯ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಸಂಸ್ಥೆ, ಪತ್ರಿಕೆಗಳು. ವಿದ್ಯಾರ್ಥಿಗಳು ಕೈ ಪಳಗಿಸಲು ಬೇಕಾದ ಕಾಗದ ಎಲ್ಲ ಕಡೆ ರಾಶಿ ಬಿದ್ದಿದೆ. ಕಷ್ಟ ಇರುವುದು ಮೇಷ್ಟ್ರುಗಳ ನೇಮಕದಲ್ಲಿ. ಈ ವಿದ್ಯೆ ಬಲ್ಲ ಉಪಸಂಪಾದಕರು, ಅನುವಾದಕರು, ಉಪನೋಂದಣಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರರ ಬಳಿ ಪಿಎಚ್‌ಡಿ ಇರುವುದಿಲ್ಲ. ಪಿಎಚ್‌ಡಿ ಇರುವ ಬಹುತೇಕರು ನೋಟಿಸು ಬರೆದಿರುವುದಿಲ್ಲ. ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರನ್ನು, ಪದವಿಗಳ ಕಟ್ಟುನಿಟ್ಟಿಲ್ಲದೆ, ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯೊಳಗೆ ಅಧ್ಯಾಪಕರಾಗಿ ತೆಗೆದುಕೊಳ್ಳಲು ಧನಸಹಾಯ ಆಯೋಗ 2022ರಲ್ಲಿ ಅವಕಾಶ ಕೊಟ್ಟಿದೆ. ಉದ್ಯಮದ ದೊಡ್ಡ ಅಧಿಕಾರಿಗಳಷ್ಟೇ ಆ ಕುರ್ಚಿಗೆ ಅರ್ಹರೆಂದು ಭಾವಿಸದೆ, ನಲವತ್ತು ವರ್ಷ ಕರಡು ತಿದ್ದಿದವರನ್ನೂ ಅಲ್ಲಿ ಕೂರಿಸಲು ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಪದವಿ ನಿಲ್ಲುತ್ತದೆ. ಇಲ್ಲದಿದ್ದರೆ ವೃತ್ತಿಪರ ಬರವಣಿಗೆ ಎಂಬುದು ಸೆಮಿಸ್ಟರಿನ ಕೊನೆಗೆ ಬಾಯಿಪಾಠ ಮಾಡಿ ಒಪ್ಪಿಸುವ ಇನ್ನೊಂದು ಪತ್ರಿಕೆಯಾಗಿ ಉಳಿಯುತ್ತದೆ.