ತಾಯಿ-ಮಗುವಿನ ಆರ್‌ಎಚ್ ರಕ್ತದ ಗುಂಪಿನ ಹೊಂದಾಣಿಕೆಯ ಕೊರತೆ: ಗರ್ಭಿಣಿಯರಿಗೆ ಮಾಹಿತಿ

ಆರ್‌ಎಚ್ ನೆಗೆಟಿವ್ ತಾಯಿಯ ಗರ್ಭದಲ್ಲಿ ಪಾಸಿಟಿವ್ ಶಿಶುವಿದ್ದಲ್ಲಿ, ಹೆರಿಗೆಯ ವೇಳೆ ಶಿಶುವಿನ ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುವುದರಿಂದ ತಾಯಿಯಲ್ಲಿ ಪ್ರತಿಕಾಯಗಳು ಉತ್ಪತ್ತಿಯಾಗಬಹುದು. ಮೊದಲ ಶಿಶುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೆ ಮುಂದಿನ ಪಾಸಿಟಿವ್ ಶಿಶುವಿನ ಕೆಂಪು ರಕ್ತಕಣಗಳನ್ನು ಈ ಪ್ರತಿಕಾಯಗಳು ನಾಶಪಡಿಸುವುದರಿಂದ ರಕ್ತಹೀನತೆ, ತೀವ್ರ ಕಾಮಾಲೆ, ಮಿದುಳಿಗೆ ಹಾನಿ ಅಥವಾ ಮರಣ ಸಂಭವಿಸಬಹುದು.

ತಡೆಗಟ್ಟುವ ಕ್ರಮ: ಆಂಟಿ-ಡಿ ಚುಚ್ಚುಮದ್ದನ್ನು ಗರ್ಭಾವಸ್ಥೆಯ 28ನೇ ವಾರದಲ್ಲಿ ಹಾಗೂ ಪಾಸಿಟಿವ್ ಶಿಶು ಜನಿಸಿದ 72 ಗಂಟೆಗಳೊಳಗೆ ನೀಡಲಾಗುತ್ತದೆ. ಗರ್ಭಪಾತವಾದಲ್ಲಿಯೂ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಪ್ರತಿಕಾಯಗಳು ಉಂಟಾದ ನಂತರ ಈ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ.

ಸೌಲಭ್ಯ: ಬೈಂದೂರು ತಾಲ್ಲೂಕಿನ ಬಿಜೂರು ಗ್ರಾಮದ ಗರ್ಭಿಣಿಯರು ಆಶಾ ಕಾರ್ಯಕರ್ತೆಯರ ಮೂಲಕ ಹೆಸರು ನೋಂದಾಯಿಸಿ, ಮೊದಲ ತಪಾಸಣೆಯಲ್ಲಿಯೇ ರಕ್ತದ ಗುಂಪನ್ನು ಪರೀಕ್ಷಿಸಿಕೊಂಡು ತಾಯಿ ಕಾರ್ಡಿನಲ್ಲಿ ನಮೂದಿಸಿಕೊಳ್ಳುವುದು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪರೀಕ್ಷೆ ಹಾಗೂ ಔಷಧಿ ಉಚಿತವಾಗಿರುತ್ತದೆ.