ಕಬ್ಬಿನ ಗ್ಯಾಂಗು, ಕಾಗದಪತ್ರ ಮತ್ತು ಹಕ್ಕು: ತಪ್ಪು ಕಲ್ಪನೆಗಳು, ಸತ್ಯಗಳು

ಬಿದ್ರಿ, ಹಮಿದವಾಡ ಕಾರ್ಖಾನೆಗಳ ಹಂಗಾಮು ಶುರುವಾದರೆ ಮುರಗೂಡದ ಸುತ್ತಲಿನ ವೇದಗಂಗಾ ದಂಡೆಯಲ್ಲಿ ಕಬ್ಬು ಕಡಿಯುವವರ ಗುಡಿಸಲುಗಳು ಏಳುತ್ತವೆ. ಕೊಲ್ಹಾಪುರ ಜಿಲ್ಲೆಗೆ ಬೀಡದಿಂದಲೂ ಗಡಿಯಾಚೆಯ ವಿಜಯಪುರದ ಕಡೆಯಿಂದಲೂ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಗ್ಯಾಂಗು ಕೂಡಿಸಿ ಕಳಿಸುವ ಮುಕಾದಮನಿಂದ ಪಡೆದ ಮುಂಗಡ ತೀರುವವರೆಗೆ ದುಡಿಮೆ. ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ ಊರಲ್ಲೇ ಉಳಿದಿರುತ್ತವೆ. ಕೆಲವರಿಗೆ ಅವು ಇರುವುದೇ ಇಲ್ಲ.

ಕಾಗದ ಇಲ್ಲದವರಿಗೆ ಹಕ್ಕೂ ಇಲ್ಲ ಎಂಬುದು ಇವರ ಕುರಿತ ಅತ್ಯಂತ ಹಾನಿಕರ ತಪ್ಪು ಕಲ್ಪನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವಯಸ್ಸಿನ ಪುರಾವೆ ಇಲ್ಲವೆಂದಾಗಲಿ ಟಿ.ಸಿ. ತಡವಾಯಿತೆಂದಾಗಲಿ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ಯೋಜನೆಯಲ್ಲಿ ಕುಟುಂಬದ ಪಾಲಿನ ಒಂದಿಷ್ಟನ್ನು ಇಲ್ಲಿ ಪಡೆದು, ಉಳಿದದ್ದನ್ನು ಊರಲ್ಲಿರುವ ಹಿರಿಯರಿಗೆ ಬಿಡಬಹುದು. ಪೌರತ್ವವಿಲ್ಲದವರಿಗೂ ಜೀವಿಸುವ ಹಕ್ಕಿದೆಯೆಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹೀಗಿರುವಾಗ ಈ ದೇಶದ್ದೇ ಕೂಲಿಕಾರ ಕುಟುಂಬವನ್ನು ಅಂಗಡಿಯ ಬಾಗಿಲಿಂದ ಹಿಂದಕ್ಕೆ ಕಳಿಸುವುದು ಶುದ್ಧ ಅನ್ಯಾಯ.

ವಲಸೆ ಕಾರ್ಮಿಕರ ಕಾಯ್ದೆ ಎಲ್ಲರನ್ನೂ ಕಾಯುತ್ತಿತ್ತು ಎಂಬ ನಂಬಿಕೆಯೂ ನಿಜವಲ್ಲ. 1979ರ ಆ ಕಾಯ್ದೆಯನ್ನು ರೂಪಿಸಿದ್ದು ರಾಜ್ಯದ ಗಡಿ ದಾಟಿದವರಿಗಾಗಿ. ಒಂದೇ ಗದ್ದೆಯಲ್ಲಿ ಕೊಯ್ತಾ ಹಿಡಿದರೂ ವಿಜಯಪುರದವರು ಅದರ ವ್ಯಾಪ್ತಿಗೆ ಬಂದರು, ಬೀಡದವರು ಹೊರಗುಳಿದರು.

ಬಲವಾದ ಸಂಘಟನೆಯೊಂದಿದ್ದರೆ ಸಾಕು ಎಂದೂ ಹಲವರು ತಿಳಿಯುತ್ತಾರೆ. ಮಹಾರಾಷ್ಟ್ರದ ಕಾರ್ಮಿಕ ಸಂಘಟನೆಗಳು ಸಹಕಾರಿ ಸಕ್ಕರೆ ಕಾರ್ಖಾನೆಗಳ ಸಂಘದೊಡನೆ ಮಾತುಕತೆ ನಡೆಸಿ 2024ರ ಜನವರಿಯಲ್ಲಿ ಕಡಿತದ ದರದಲ್ಲಿ ಶೇ 34 ಏರಿಕೆ ಪಡೆದದ್ದು ದೊಡ್ಡ ಗೆಲುವು. ಆದರೆ ಪಡಿತರ ಆಹಾರ ಇಲಾಖೆಯದು, ಶಾಲೆ ಜಿಲ್ಲಾ ಪರಿಷತ್ತಿನದು, ಬಾಣಂತಿಯ ಆರೈಕೆ ಆರೋಗ್ಯ ಇಲಾಖೆಯದು. ಆದ್ದರಿಂದಲೇ ಒಕ್ಕೂಟ ಬೇಕಾಗುತ್ತದೆ. ಕೊಲ್ಹಾಪುರದ ಅವನಿ ಸಂಸ್ಥೆ ವಲಸೆ ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ದುಡಿದಿದೆ. ಮಹಿಳಾ ಕಿಸಾನ್ ಅಧಿಕಾರ್ ಮಂಚ್ ಕಬ್ಬು ಕಡಿಯುವ ಹೆಂಗಸರ ಪ್ರಶ್ನೆಗಳನ್ನು ಎತ್ತಿಕೊಂಡಿದೆ. ಇಂಥವರೂ ಕಾರ್ಮಿಕ ಸಂಘಟನೆಗಳೂ ಜೊತೆಯಾಗಿ ಕೇಳಿದಾಗ, ಒಂದು ಇಲಾಖೆ ಇನ್ನೊಂದರತ್ತ ಬೆರಳು ತೋರಿಸಿ ಜಾರಿಕೊಳ್ಳುವುದು ಕಷ್ಟ.

ಇಂಥ ಒಕ್ಕೂಟ ರೈತರ ವಿರುದ್ಧ ಎಂಬ ಅನುಮಾನಕ್ಕೂ ಆಧಾರವಿಲ್ಲ. ಮುಂಗಡ ಪಡೆದ ಮುಕಾದಮ ಗ್ಯಾಂಗು ಕಳಿಸದೆ ಮಾಯವಾದರೆ ಆ ಹಣ ಕೊಟ್ಟ ಟ್ರ್ಯಾಕ್ಟರ್ ಮಾಲೀಕ ಮುಳುಗುತ್ತಾನೆ, ರೈತನ ಕಬ್ಬು ಗದ್ದೆಯಲ್ಲೇ ಒಣಗುತ್ತದೆ. ಯಾರು, ಯಾವ ಊರಿನಿಂದ, ಎಷ್ಟು ಮುಂಗಡಕ್ಕೆ ಬಂದರೆಂಬ ನೋಂದಣಿ ರೈತರಿಗೂ ಕಾರ್ಮಿಕರಿಗೂ ರಕ್ಷಣೆ. ಆ ಪಟ್ಟಿಯನ್ನು ಗ್ಯಾಂಗು ಊರು ಬಿಡುವ ಮೊದಲೇ ಬೀಡ, ವಿಜಯಪುರಗಳಲ್ಲಿ ಬರೆದು, ಹಂಗಾಮಿನ ಮೊದಲ ವಾರದಲ್ಲೇ ಇಲ್ಲಿಯ ಶಾಲೆ, ಅಂಗನವಾಡಿ, ರೇಷನ್ ಅಂಗಡಿಗಳಿಗೆ ತಲುಪಿಸಬೇಕು.