ಜ್ವರ ಇಳಿದರೂ ಡೋಸ್ ಇಳಿಯದು

ಬಿಳಿ ಪುಡಿಯ ಪುಟ್ಟ ಸೀಸೆ. ನೀರು ಬೆರೆಸಿ ಕುಲುಕಿದರೆ ತಿಳಿಹಳದಿ. ಮುಂಬೈಯ ಕುರ್ಲಾದ ಮೆಡಿಕಲ್ ಅಂಗಡಿಗಳಿಗೆ ಸೆಫ್ಟ್ರಿಯಾಕ್ಸೋನ್ ಹಳೆಯ ಪರಿಚಯ. ಸಾಮಾನ್ಯ ಸೋಂಕಿಗೆ ದಿನಕ್ಕೆ ಒಂದೆರಡು ಗ್ರಾಂ ಸಾಕು. ಬ್ಯಾಕ್ಟೀರಿಯಾ ಮಿದುಳಿನ ಪೊರೆಗೇ ತಗುಲಿದಾಗ, ಅಂದರೆ ಮೆನಿಂಜೈಟಿಸ್‌ ಆದಾಗ, ವಯಸ್ಕರಿಗೆ ಅದೇ ಮದ್ದು 12 ಗಂಟೆಗೊಮ್ಮೆ 2 ಗ್ರಾಂ.

ಇಷ್ಟೇಕೆ? ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆ ಮುಂಬೈ ಸೊಸೈಟಿಯ ವಾಚ್‌ಮನ್‌ಗಿಂತ ಬಿಗಿ. ರಕ್ತದಲ್ಲಿ ತುಂಬಿ ಹರಿಯುವ ಔಷಧದಲ್ಲಿ ಬೆನ್ನುಹುರಿಯ ನೀರಿಗೆ ದಾಟುವುದು ಸಣ್ಣ ಪಾಲು. ಉರಿಯೂತವಾದಾಗ ತಡೆ ಸಡಿಲಾಗಿ ಒಂದಿಷ್ಟು ಹೆಚ್ಚು ನುಗ್ಗುತ್ತದೆ. ರೋಗಿ ಚೇತರಿಸಿಕೊಂಡಂತೆ ಬಾಗಿಲು ಮತ್ತೆ ಮುಚ್ಚುತ್ತದೆ. ಹಾಗಾಗಿ ಜ್ವರ ಇಳಿಯಿತೆಂದು ಡೋಸ್ ಇಳಿಸುವಂತಿಲ್ಲ.

1942ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎದುರಿಸಿದ್ದೂ ಇದೇ ಬಾಗಿಲನ್ನು. ಮೆನಿಂಜೈಟಿಸ್ ರೋಗಿಯೊಬ್ಬನ ಸ್ನಾಯುವಿಗೆ ಕೊಟ್ಟ ಪೆನಿಸಿಲಿನ್ ಬೆನ್ನುಹುರಿಯ ನೀರಿಗೆ ಸಾಕಷ್ಟು ತಲುಪದಾಗ ಅವರು ಸೂಜಿಯನ್ನು ನೇರ ಅಲ್ಲಿಗೇ ಹಾಕಿದರು. ರೋಗಿ ಬದುಕಿದ.

ಕುರ್ಲಾದಲ್ಲಿ ಪಾಲಿಕೆಯ ಭಾಭಾ ಆಸ್ಪತ್ರೆಯಿದೆ. ಮುಂದಿನ ಸ್ಟೇಷನ್‌ನಲ್ಲಿ ಇಳಿದರೆ ಸಯನ್ ಆಸ್ಪತ್ರೆ. ದೂರ ಕಡಿಮೆಯೇ, ಆದರೆ ಎಲ್‌ಬಿಎಸ್ ಮಾರ್ಗದ ಟ್ರಾಫಿಕ್ಕಿಗೆ ಅದು ಗೊತ್ತಿಲ್ಲವಲ್ಲ. ಜ್ವರ, ತಲೆ ಸಿಡಿಯುವ ನೋವು, ಬಗ್ಗದ ಕತ್ತು, ಮಂಕು ಒಟ್ಟಿಗೆ ಕಂಡರೆ ಗಂಟೆಯೊಳಗೆ ಮೊದಲ ಡೋಸ್ ಒಳಗೆ ಹೋಗಬೇಕು. ಕಲ್ಚರ್‌ಗೆ ರಕ್ತ ತೆಗೆದು ಆ್ಯಂಟಿಬಯಾಟಿಕ್ ಶುರು; ಸ್ಕ್ಯಾನ್ ಸರದಿಗೆ ಅದು ಕಾಯುವುದಿಲ್ಲ. ಬೆನ್ನಿನಿಂದ ತೆಗೆದ ನೀರು ತಿಳಿಯಾಗಿರುವ ಬದಲು ಅಕ್ಕಚ್ಚಿನಂತೆ ಕದಡಿದ್ದರೆ ಶಂಕೆ ಗಟ್ಟಿಯಾಗುತ್ತದೆ.

ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, 10 ಮಿಲಿಗ್ರಾಂನಂತೆ 6 ಗಂಟೆಗೊಮ್ಮೆ, ನಾಲ್ಕು ದಿನ. ಆ್ಯಂಟಿಬಯಾಟಿಕ್‌ಗೆ ತುಸು ಮುಂಚೆ ಅಥವಾ ಜೊತೆಯಲ್ಲೇ. 2002ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 301 ವಯಸ್ಕರಿದ್ದರು, ಸಾವು ಶೇ. 15ರಿಂದ ಶೇ. 7ಕ್ಕೆ ಇಳಿಯಿತು. ತಮಾಷೆಯೆಂದರೆ, ಉರಿ ಆರಿಸುವ ಈ ಮದ್ದೇ ಬಾಗಿಲನ್ನೂ ಬಿಗಿ ಮಾಡುತ್ತದೆ. ಔಷಧಕ್ಕೆ ಜಗ್ಗದ ನ್ಯುಮೋಕಾಕಸ್ ಇರಬಹುದೆಂದು ಸೇರಿಸುವ ವ್ಯಾಂಕೊಮೈಸಿನ್‌ಗೆ ದಾರಿ ಕಿರಿದಾಗುವ ಭಯ ಅದರಿಂದಲೇ; ರಕ್ತದಲ್ಲಿ ಅದರ ಮಟ್ಟ ಅಳೆದು ಡೋಸ್ ತಿದ್ದುತ್ತಾರೆ.

ಐವತ್ತು ದಾಟಿದವರಿಗೆ ಆಂಪಿಸಿಲಿನ್ ಕೂಡ, 2 ಗ್ರಾಂ, ನಾಲ್ಕು ಗಂಟೆಗೊಮ್ಮೆ: ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೆಫ್ಟ್ರಿಯಾಕ್ಸೋನ್‌ಗೆ ಕ್ಯಾರೇ ಅನ್ನುವುದಿಲ್ಲ. ಮೆನಿಂಗೋಕಾಕಸ್ ಆದರೆ ವಾರದಲ್ಲಿ ಮುಗಿದೀತು, ನ್ಯುಮೋಕಾಕಸ್‌ಗೆ 10ರಿಂದ 14 ದಿನ, ಲಿಸ್ಟೀರಿಯಾಕ್ಕೆ ಮೂರು ವಾರ. ಮುಂಬೈಯಲ್ಲಿ ವೈದ್ಯರು ಕ್ಷಯವನ್ನೂ ಮರೆಯುವಂತಿಲ್ಲ. ಅದರ ಮೆನಿಂಜೈಟಿಸ್‌ಗೆ ಮದ್ದೇ ಬೇರೆ, ಅವಧಿ ತಿಂಗಳುಗಳ ಲೆಕ್ಕ.

ಐದನೇ ದಿನ ಹಾಸಿಗೆಯಲ್ಲಿ ಎದ್ದು ಕೂತು ಕಟಿಂಗ್ ಚಹಾ ಕೇಳುವ ರೋಗಿ ಮನೆಗೆ ಹೊರಡುತ್ತೇನೆ ಅನ್ನುತ್ತಾನೆ. ಸಂಜೆ ನರ್ಸ್ ಮತ್ತೆ ಒಂದೊಂದು ಗ್ರಾಮಿನ ಎರಡು ಸೀಸೆ ಕುಲುಕುತ್ತಾಳೆ.